ಯೌವನದ ಹೊಸ್ತಿಲಲ್ಲಿ ಚಿತ್ತವಿಕಲತೆ

ಚೆನ್ನಾಗಿ ಓದುತ್ತಿದ್ದ ಹುಡುಗನು ಕಾಲೇಜು ಬಿಟ್ಟು, ಮನೆಯ ಮೂಲೆ ಹಿಡಿದು, ತನ್ನಷ್ಟಕ್ಕೆ ಮಾತಾಡತೊಡಗಿದರೆ “ಓದಿ ಓದಿ ತಲೆ ಕೆಟ್ಟಿತು” ಎನ್ನುವುದು ನಮ್ಮ ಕಡೆಯ ವಾಡಿಕೆ. ಮದುವೆಯಾದ ಹೆಣ್ಣುಮಗಳಿಗೆ ಹಾಗಾದರೆ “ಗಾಳಿ ಸೋಕಿದೆ” ಎನ್ನುತ್ತಾರೆ. ಈ ಎರಡು ಮಾತುಗಳ ಹಿಂದೆಯೂ ಅನೇಕ ವೇಳೆ ಒಂದೇ ಬೇನೆ ಇರಬಹುದು. ಅದೇ ಸ್ಕಿಜೋಫ್ರೀನಿಯ, ಅಂದರೆ ಚಿತ್ತವಿಕಲತೆ. ಅದು ಗಂಡಿಗೂ ಹೆಣ್ಣಿಗೂ ಬೇರೆ ಬೇರೆ ವಯಸ್ಸಿನಲ್ಲಿ ತಲೆದೋರುವುದೇಕೆಂಬುದನ್ನು ನಾನು ಓದಿ ತಿಳಿದಮಟ್ಟಿಗೆ ಇಲ್ಲಿ ವಿವರಿಸಲೆತ್ನಿಸಿದ್ದೇನೆ.

1890ರ ದಶಕದಲ್ಲಿ ಜರ್ಮನಿಯ ವೈದ್ಯ ಎಮಿಲ್ ಕ್ರೇಪಿಲಿನ್ ಇದನ್ನು ‘ಅಕಾಲದ ಬುದ್ಧಿನಾಶ’ ಎಂಬರ್ಥದ ಹೆಸರಿನಿಂದ ಕರೆದನು. ಎಳೆಯ ವಯಸ್ಸಿನವರಲ್ಲೇ ಇದು ಹೆಚ್ಚಾಗಿ ಕಂಡುದೇ ಅದಕ್ಕೆ ಕಾರಣ. ಬುದ್ಧಿ ಎಲ್ಲರಲ್ಲೂ ನಾಶವಾಗದೆಂದು ಕಂಡುಕೊಂಡ ಸ್ವಿಟ್ಜರ್ಲೆಂಡಿನ ಬ್ಲಾಯ್ಲರ್ 1908ರಲ್ಲಿ ಈಗಿನ ಹೆಸರನ್ನು ಕೊಟ್ಟನು.

ಗಂಡಸರಲ್ಲಿ ಬೇನೆ ಹೆಚ್ಚಾಗಿ ಆರಂಭವಾಗುವುದು 18ರಿಂದ 25ರ ವಯಸ್ಸಿನೊಳಗೆ. ಹೆಂಗಸರಲ್ಲಿ ಸರಾಸರಿ ಮೂರರಿಂದ ಐದು ವರ್ಷ ತಡವಾಗಿ. ಅಲ್ಲದೆ 45 ದಾಟಿದ ಮೇಲೆ, ಮುಟ್ಟು ನಿಲ್ಲುವ ಕಾಲದಲ್ಲಿ, ಹೆಂಗಸರಲ್ಲಿ ಮತ್ತೊಂದು ಚಿಕ್ಕ ಏರಿಕೆ ಕಾಣುತ್ತದೆ. ಹದಿಮೂರರೊಳಗಿನ ಮಕ್ಕಳಲ್ಲಿ ಇದು ಬಹಳ ಅಪರೂಪ.

ಜರ್ಮನಿಯ ಮಾನ್‌ಹೈಮ್ ನಗರದ ಹೆಫ್ನರ್ ಮತ್ತು ಸಂಗಡಿಗರು ಈ ಅಂತರಕ್ಕೆ ಕಾರಣವನ್ನು ಸ್ತ್ರೀಯರ ಈಸ್ಟ್ರೋಜನ್ ಹಾರ್ಮೋನಿನಲ್ಲಿ ಹುಡುಕಿದರು. ಈ ಬೇನೆಯಲ್ಲಿ ಮಿದುಳಿನ ಡೋಪಮಿನ್ ಎಂಬ ರಾಸಾಯನಿಕದ ಪ್ರಭಾವ ಮಿತಿಮೀರುತ್ತದೆ. ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಈಸ್ಟ್ರೋಜನ್ ಆ ಪ್ರಭಾವವನ್ನು ತಗ್ಗಿಸಿತು. ಹೀಗಾಗಿ ಅದು ಯೌವನದಲ್ಲಿ ಹೆಣ್ಣಿಗೆ ಕೊಡೆಯಂತೆ ಆಸರೆಯಾಗಿದ್ದು, ಮುಟ್ಟು ನಿಂತಮೇಲೆ ಆ ಆಸರೆ ಕುಗ್ಗುವುದೆಂದು ಅವರ ಊಹೆ. ಆದರೆ ವಂಶದಲ್ಲೇ ಬೇನೆಯಿರುವ ಮನೆಗಳಲ್ಲಿ ಈ ಅಂತರ ಕಿರಿದಾಗುತ್ತದೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಂತೂ ಅಂತರವೇ ಕಾಣಲಿಲ್ಲ. ಆದ್ದರಿಂದ ಹಾರ್ಮೋನೊಂದರಿಂದಲೇ ಎಲ್ಲವನ್ನೂ ವಿವರಿಸಲಾಗದು.

ಮೂರು ನಾಲ್ಕು ವರ್ಷಗಳ ಅಂತರವೆಂದರೆ ಅಲ್ಪವೆನಿಸಬಹುದು. ಆದರೆ ಅವು ಎಂಥ ವರ್ಷಗಳು! ಹತ್ತೊಂಬತ್ತರಲ್ಲಿ ಬೇನೆ ಬಿದ್ದ ಹುಡುಗನಿಗೆ ಓದು ಮುಗಿದಿರುವುದಿಲ್ಲ, ಕೆಲಸ ಸಿಕ್ಕಿರುವುದಿಲ್ಲ. ಇಪ್ಪತ್ತೈದು ದಾಟಿದ ಹೆಣ್ಣಿಗೆ ಓದು, ಸಂಸಾರಗಳ ಆಧಾರ ಇರಬಹುದಾದರೂ ನಮ್ಮ ನಾಡಿನಲ್ಲಿ ಆ ಆಧಾರವೂ ಕುಸಿಯುವುದುಂಟು: ಗಂಡನ ಮನೆಯವರು ತವರಿಗೆ ಕಳುಹಿಸಿಬಿಡುತ್ತಾರೆ. ಇಂಥ ಹೆಂಗಸರ ಪಾಡನ್ನು ಚೆನ್ನೈನ ಸ್ಕಾರ್ಫ್ ಸಂಸ್ಥೆಯವರು ಅಧ್ಯಯನ ಮಾಡಿದ್ದಾರೆ.

ಓದಿನಿಂದ ಈ ಬೇನೆ ಬರುವುದಿಲ್ಲ. ಓದುವ ವಯಸ್ಸಿನಲ್ಲಿ ಬರುತ್ತದೆ, ಅಷ್ಟೆ. ಈ ಭೇದವನ್ನು ಅರಿಯದೆ, ಮೊದಲ ಸಲ ಅಕ್ಷರ ಹೊಕ್ಕ ನಮ್ಮಂಥವರ ಮನೆಗಳಲ್ಲಿ ಪುಸ್ತಕವನ್ನೇ ದೂರಿ, ತಂಗಿಯ ಓದನ್ನೂ ನಿಲ್ಲಿಸುವ ಅಪಾಯವಿದೆ. ರೋಗ ಬಲಿಯುವ ಎಷ್ಟೋ ಮೊದಲೇ ಸೂಚನೆಗಳಿರುತ್ತವೆ: ನಿದ್ದೆ ಕೆಡುವುದು, ಗೆಳೆಯರಿಂದ ದೂರವಾಗುವುದು, ಕಾರಣವಿಲ್ಲದ ಸಂಶಯ, ಪರರಿಗೆ ಕೇಳದ ದನಿಗಳು ಕೇಳಿಸುವುದು. ಇಷ್ಟರಿಂದಲೇ ಯಾರಿಗೂ ರೋಗದ ಹೆಸರಿಡಬಾರದು. ಆದರೆ ವೈದ್ಯರಿಗೆ ತೋರಿಸಲು ಇಷ್ಟು ಸಾಕು. ಬೇಗ ಔಷಧಿ ದೊರೆತಷ್ಟೂ ಗುಣದ ಆಸೆ ಹೆಚ್ಚು. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಯಾರೂ ಶುಲ್ಕವಿಲ್ಲದೆ ಕರೆಮಾಡಬಹುದು. ಹಾಜರಿ ಕರೆಯುವಾಗ ಉತ್ತರ ಬಾರದ ಹೆಸರೊಂದು ವಾರಗಟ್ಟಲೆ ಹಾಗೆಯೇ ಉಳಿದರೆ, ಗುರುಗಳೂ ಸಹಪಾಠಿಗಳೂ ಒಮ್ಮೆ ಆ ಮನೆಯವರೆಗೆ ಹೋಗಿಬರಲೆಂದು ನನ್ನ ವಿನಂತಿ.