ನಾಲ್ಕು ಅಂಗೈಯಗಲ ನೆಲ

ಹುಬ್ಬಳ್ಳಿಯಿಂದ ಹಾವೇರಿಗೆ ಹೊರಟ ಹೆದ್ದಾರಿ ಶಿಗ್ಗಾಂವದ ಮಗ್ಗುಲಿಗೆ ಹಾಯ್ದುಹೋಗುತ್ತದೆ. 2010ರಲ್ಲಿ ಅದರ ಅಂಕಿ 48 ಎಂದು ಬದಲಾದರೂ ಹಳಬರ ಬಾಯಲ್ಲಿ ಅದು ಇನ್ನೂ ನಾಲ್ಕನೆಯ ನಂಬರಿನ ರಸ್ತೆಯೇ. ಹಗಲಿರುಳೆನ್ನದೆ ಲಾರಿ, ಬಸ್ಸು, ಟ್ರ್ಯಾಕ್ಟರುಗಳು ಸಾಲುಗಟ್ಟಿ ಸಾಗುವ ಆ ದಾರಿಯಲ್ಲಿ ಒಮ್ಮೊಮ್ಮೆ ನೆಲಕ್ಕೆ ಎದೆ ತಾಗಿಸಿ ಕುಳಿತಂತಿರುವ ಎರಡೇ ಬಾಗಿಲಿನ ಕಾರೊಂದು ಸಿಳ್ಳುಹಾಕಿದಂತೆ ಬಂದು ಹೋಗುವುದುಂಟು. ಬದಿಯ ಹೊಲದಲ್ಲಿ ಗೋವಿನಜೋಳದ ತೆನೆ ಮುರಿಯುತ್ತಿದ್ದವರು ತಲೆಯೆತ್ತಿ ನೋಡುವಷ್ಟರಲ್ಲಿ ಅದು ಕಣ್ಮರೆಯಾಗಿರುತ್ತದೆ.

ಅಂಥದೊಂದು ಸ್ಪೋರ್ಟ್ಸ್ ಕಾರು ಶಿಗ್ಗಾಂವದಲ್ಲಿಯೇ ನಿಂತುಬಿಟ್ಟಿತೆಂದು ಭಾವಿಸಬಹುದು. ಬೆಂಗಳೂರಿನ ಎಂಜಿನಿಯರೊಬ್ಬರು ಹೆಂಡತಿಯೊಡನೆ ಬೆಳಗಾವಿಗೆ ಹೊರಟವರು. ಕನಕದಾಸರು ಹುಟ್ಟಿದ ಬಾಡ ಗ್ರಾಮ ಇದೇ ತಾಲ್ಲೂಕಿನಲ್ಲಿದೆಯೆಂದು ತಿಳಿದು, ಹೆದ್ದಾರಿ ಬಿಟ್ಟು ಒಳದಾರಿ ಹಿಡಿದರು. ಮಳೆನೀರು ತುಂಬಿ ಕಾಣದಿದ್ದ ತಗ್ಗಿನಲ್ಲಿ ಹಿಂದಿನ ಗಾಲಿ ಧಡ್ಡನೆ ಬಿತ್ತು. ಗಾಳಿ ಹೋಗಲಿಲ್ಲ, ಕಾರೂ ನಿಲ್ಲಲಿಲ್ಲ. ಮರಳಿ ಊರಿಗೆ ಬಂದು ಚಹಕ್ಕೆಂದು ಇಳಿದಾಗ ಟೈರಿನ ಪಕ್ಕೆಯಲ್ಲಿ ನಿಂಬೆಹಣ್ಣಿನ ಗಾತ್ರದ ಉಬ್ಬು ಕಂಡಿತು. ಗಾಳಿ ತುಂಬುವ ಅಂಗಡಿಯ ಹುಡುಗ ಅದನ್ನು ಬೆರಳಿನಿಂದ ಮುಟ್ಟಿ ನೋಡಿ ತಲೆಯಾಡಿಸಿದನು. ಇಂಥ ಕಾರುಗಳಲ್ಲಿ ಹೆಚ್ಚಿನವಕ್ಕೆ ಹೆಚ್ಚುವರಿ ಗಾಲಿಯೇ ಇರುವುದಿಲ್ಲ. ತೂಕ ಉಳಿಸಲು, ಜಾಗ ಉಳಿಸಲು ತಯಾರಕರು ಅದನ್ನು ಬಿಟ್ಟಿರುತ್ತಾರೆ. ಅಂಗಡಿಯಲ್ಲಿ ಜೋಡಿಸಿಟ್ಟದ್ದೆಲ್ಲ ಲಾರಿಯ, ಟ್ರ್ಯಾಕ್ಟರಿನ ಟೈರುಗಳು. ಬೆಳಗಾವಿಯಲ್ಲಿ ಮರುದಿನ ಬೆಳಗ್ಗೆ ಮದುವೆಯ ಮುಹೂರ್ತ.

ಈ ಉಬ್ಬು ಏನು? ರೇಡಿಯಲ್ ಟೈರಿನ ಪಕ್ಕೆಯೊಳಗೆ ಈ ಅಂಚಿನಿಂದ ಆ ಅಂಚಿಗೆ ಗಟ್ಟಿ ನೂಲಿನ ಹುರಿಗಳು ಅಡ್ಡಲಾಗಿ ಹಾಯ್ದಿರುತ್ತವೆ. ಗಾಳಿಯ ಒತ್ತಡವನ್ನು ತಡೆದು ನಿಲ್ಲುವುದು ರಬ್ಬರಲ್ಲ, ಆ ಹುರಿಗಳು. ಸ್ಪೋರ್ಟ್ಸ್ ಕಾರಿನ ಟೈರಿಗೆ ಪಕ್ಕೆ ಗಿಡ್ಡ. ತಗ್ಗಿನ ಅಂಚಿಗೂ ಲೋಹದ ರಿಮ್ಮಿಗೂ ನಡುವೆ ಅದು ಅಡಕತ್ತರಿಗೆ ಸಿಕ್ಕ ಅಡಕೆಯಂತಾಗುತ್ತದೆ. ಒಂದೆರಡು ಹುರಿ ಕಡಿದರೆ ಸಾಕು, ಅಲ್ಲಿ ಬರಿಯ ರಬ್ಬರು ಉಳಿದು ಹೊರಕ್ಕೆ ಉಬ್ಬುತ್ತದೆ. ಇದಕ್ಕೆ ತೇಪೆಯಿಲ್ಲ. ಐವತ್ತು ಕಿಲೋಮೀಟರು ಬಾಳಬಹುದು, ಐದಕ್ಕೇ ಒಡೆಯಬಹುದು. ಆದ್ದರಿಂದ ಹೊಸ ಟೈರು ಕೊಳ್ಳಲೇಬೇಕು. ಯಾವುದನ್ನು, ಎಷ್ಟನ್ನು ಎಂಬುದೇ ಪ್ರಶ್ನೆ.

ಇಲ್ಲಿ ಸ್ವಲ್ಪ ಲೆಕ್ಕ ಮಾಡಿದರೆ ಬುದ್ಧಿ ತಿಳಿಯಾಗುತ್ತದೆ. ಕಾರಿನ ತೂಕ 1400 ಕಿಲೋ ಎಂದಿಟ್ಟುಕೊಂಡರೆ ಒಂದೊಂದು ಗಾಲಿಯ ಪಾಲಿಗೆ ಸುಮಾರು 350 ಕಿಲೋ. ಟೈರಿನೊಳಗಿನ ಒತ್ತಡ ಚದರ ಸೆಂಟಿಮೀಟರಿಗೆ 2.3 ಕಿಲೋ ಇದ್ದಲ್ಲಿ, ಆ ಭಾರವನ್ನು ಹೊರಲು ನೆಲಕ್ಕೆ ತಾಗುವ ಭಾಗ ಹೆಚ್ಚುಕಡಿಮೆ 150 ಚದರ ಸೆಂಟಿಮೀಟರು: ಒಂದು ಅಂಗೈಯಗಲ. ನೂರಾರು ಕುದುರೆಗಳ ಬಲದ ಎಂಜಿನ್ನು, ಬೆಲೆಬಾಳುವ ಬ್ರೇಕು, ಒಳಗೆ ಕುಳಿತ ಗಂಡಹೆಂಡಿರು, ಎಲ್ಲವೂ ನಾಲ್ಕು ಅಂಗೈಯಗಲ ರಬ್ಬರಿನ ಮೂಲಕವೇ ಭೂಮಿಯೊಡನೆ ಮಾತಾಡಬೇಕು. ಕಾರಿನ ಬಣ್ಣಕ್ಕೆ ತಿಂಗಳುಗಟ್ಟಲೆ ಯೋಚಿಸುವ ಜನ ಈ ನಾಲ್ಕು ಅಂಗೈಗಳಿಗೆ ನಾಲ್ಕು ನಿಮಿಷ ಕೊಡುವುದಿಲ್ಲವೆಂಬುದು ಸೋಜಿಗ.

ಗಂಟೆಗೆ 100 ಕಿ.ಮೀ. ವೇಗದಲ್ಲಿ ಹೋಗುತ್ತಿರುವ ಕಾರು ಒಳ್ಳೆಯ ಹಿಡಿತವುಳ್ಳ ಒಣರಸ್ತೆಯ ಮೇಲೆ ಬ್ರೇಕು ಒತ್ತಿದಲ್ಲಿಂದ ಸುಮಾರು 50 ಮೀಟರಿನಲ್ಲಿ ನಿಲ್ಲುತ್ತದೆ. ಹಿಡಿತ ಅರ್ಧಕ್ಕಿಳಿದರೆ 100 ಮೀಟರು ಬೇಕು. ಆ ಹೆಚ್ಚಿನ 50 ಮೀಟರಿನಲ್ಲಿ ಒಂದು ಎಮ್ಮೆಯ ಹಿಂಡೇ ಹಿಡಿಸೀತು. ಸ್ಪೋರ್ಟ್ಸ್ ಟೈರು ಓಡುವುದಕ್ಕೆಂದು ಜನ ತಿಳಿದಿದ್ದಾರೆ. ಅದರ ನಿಜವಾದ ಗುಣವಿರುವುದು ನಿಲ್ಲುವುದರಲ್ಲಿ, ತಿರುವಿನಲ್ಲಿ ಜಾರದಿರುವುದರಲ್ಲಿ.

ಹಾವೇರಿ ಜಿಲ್ಲೆಯವರಿಗೆ ವೇಗದ ಮೋಹ ಹೊಸದೇನೂ ಅಲ್ಲ. ದೀಪಾವಳಿಯ ಸುಮಾರಿಗೆ ಕೊರಳಿಗೆ ಕೊಬ್ಬರಿಯ ಸರ ಕಟ್ಟಿದ ಹೋರಿಗಳನ್ನು ಓಡಿಸುವ ಹಬ್ಬಕ್ಕೆ ಇಲ್ಲಿನ ಊರೂರುಗಳು ಸೇರುತ್ತವೆ. ಗಾಲಿಯ ಮರ್ಮವೂ ಇಲ್ಲಿನವರಿಗೆ ಗೊತ್ತು. ಚಕ್ಕಡಿಯ ಕಟ್ಟಿಗೆಯ ಗಾಲಿಗೆ ಕಬ್ಬಿಣದ ಹಳಿ ಏರಿಸುವಾಗ ಕಮ್ಮಾರನು ಹಳಿಯನ್ನು ಗಾಲಿಗಿಂತ ಕೂದಲೆಳೆಯಷ್ಟು ಚಿಕ್ಕದಾಗಿ ಮಾಡಿ, ಕೆಂಪಗೆ ಕಾಯಿಸಿ ಹಿಗ್ಗಿಸಿ, ಗಾಲಿಗೆ ತೊಡಿಸಿ ನೀರು ಹೊಯ್ಯುತ್ತಿದ್ದನು. ಹಳಿ ಕುಗ್ಗಿ ಅರೆಕಾಲುಗಳನ್ನೆಲ್ಲ ಬಿಗಿದು ಹಿಡಿಯುತ್ತಿತ್ತು. ಇಂಗ್ಲಿಷಿನಲ್ಲಿ ಟೈರು ಎಂಬ ಮಾತು ಮೊದಲು ಹುಟ್ಟಿದ್ದೂ ಇಂಥ ಕಬ್ಬಿಣದ ಹಳಿಗೇ. ಗಾಳಿ ತುಂಬಿದ ಟೈರನ್ನು 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗೆ ಕಟ್ಟಿದ ಮೇಲೆ ಹಳಿಯ ಹೆಸರು ರಬ್ಬರಿಗೆ ಅಂಟಿಕೊಂಡಿತು. ಅಳತೆ ಕೂದಲೆಳೆಯಷ್ಟು ತಪ್ಪಿದರೂ ಗಾಲಿ ಕೆಟ್ಟಿತೆಂಬ ಕಮ್ಮಾರನ ಎಚ್ಚರ ಮಾತ್ರ ಇಂದಿಗೂ ಸಲ್ಲುತ್ತದೆ.

ಏಕೆಂದರೆ ಅಂಗಡಿಯವನು ಹುಬ್ಬಳ್ಳಿಗೆ ಫೋನು ಮಾಡಿ ವಿಚಾರಿಸಿದಾಗ ಬಂದ ಉತ್ತರ ಹೀಗಿರುವ ಸಂಭವವೇ ಹೆಚ್ಚು: ‘ಅದೇ ಅಳತೆ ಇಲ್ಲ, ಅದರ ಸಮೀಪದ್ದು ಇದೆ, ಸಂಜೆಯೊಳಗೆ ಕಳಿಸುತ್ತೇವೆ.’ ಈ ‘ಸಮೀಪದ್ದು’ ಎಂಬ ಮಾತಿನಲ್ಲಿಯೇ ಅಪಾಯ ಅಡಗಿದೆ.

ಕಾರಿನ ಹಳೆಯ ಟೈರಿನ ಪಕ್ಕೆಯ ಮೇಲೆ 245/40 ಆರ್ 18 93 ವೈ ಎಂದಿದೆಯೆನ್ನೋಣ. ಮೊದಲನೆಯ ಅಂಕಿ ಟೈರಿನ ಅಗಲ, ಮಿಲಿಮೀಟರುಗಳಲ್ಲಿ. ಎರಡನೆಯದು ಪಕ್ಕೆಯ ಎತ್ತರ ಆ ಅಗಲದ ಶೇಕಡಾ 40 ಎಂಬುದನ್ನು ಹೇಳುತ್ತದೆ. ಆರ್ ಎಂದರೆ ರೇಡಿಯಲ್. ಫ್ರಾನ್ಸಿನ ಮಿಷೆಲಿನ್ ಸಂಸ್ಥೆ 1946ರಲ್ಲಿ ಹಕ್ಕು ಪಡೆದ ಕಟ್ಟಡ ಅದು. 18 ಎಂಬುದು ರಿಮ್ಮಿನ ಅಡ್ಡಳತೆ, ಅಂಗುಲಗಳಲ್ಲಿ. 93 ಎಂಬುದು ಭಾರದ ಸಂಕೇತ. ಆ ಟೈರು 650 ಕಿಲೋ ಹೊರಬಲ್ಲುದೆಂದು ಅರ್ಥ. ಕೊನೆಯ ಅಕ್ಷರ ವೇಗದ್ದು: ಎಚ್ ಎಂದರೆ ಗಂಟೆಗೆ 210 ಕಿ.ಮೀ., ವಿ 240, ಡಬ್ಲ್ಯೂ 270, ವೈ 300.

ಈಗ ಹುಬ್ಬಳ್ಳಿಯಲ್ಲಿರುವುದು 245/45 ಎಂದುಕೊಳ್ಳಬಹುದು. ಐದೇ ಅಂಕಿಯ ಅಂತರ. ರಿಮ್ಮಿಗೆ ಅದು ಸಲೀಸಾಗಿ ಕೂಡುತ್ತದೆ. ಆದರೆ ಗಾಲಿಯ ಒಟ್ಟು ಎತ್ತರ ಸುಮಾರು 25 ಮಿಲಿಮೀಟರು ಹೆಚ್ಚುತ್ತದೆ. ಒಂದು ಗಾಲಿ ದೊಡ್ಡದು, ಅದರ ಜೊತೆಯದು ಚಿಕ್ಕದು ಎಂದಾದರೆ ಎರಡೂ ಒಂದೇ ದಾರಿ ನಡೆಯಲು ಬೇರೆಬೇರೆ ಸುತ್ತು ತಿರುಗಬೇಕು. ನೆಟ್ಟನೆಯ ರಸ್ತೆಯಲ್ಲಿಯೂ ಹಲ್ಲುಗಾಲಿಗಳು ಉಜ್ಜುತ್ತ ಬಿಸಿಯಾಗುತ್ತವೆ. ಒಂದು ಗಾಲಿ ಜಾರುತ್ತಿದೆಯೆಂದು ಬ್ರೇಕಿನ ಗಣಕಯಂತ್ರ ಭ್ರಮಿಸಬಹುದು. ಬೇಸಾಯಗಾರನು ಒಂದು ಎತ್ತು ಎತ್ತರದ್ದು, ಇನ್ನೊಂದು ಕುಳ್ಳು ಆಗಿರುವ ಜೋಡಿಯನ್ನು ನೊಗಕ್ಕೆ ಹೂಡನು.

ವೇಗದ ಅಕ್ಷರದ ವಿಷಯದಲ್ಲಿ ಬುದ್ಧಿವಂತರು ಒಂದು ವಾದ ಹೂಡುವುದುಂಟು. ನಾಲ್ಕು ಪಥದ ಹೆದ್ದಾರಿಯಲ್ಲಿ ಕಾರುಗಳಿಗೆ ಕೇಂದ್ರ ಸರ್ಕಾರ 2018ರಲ್ಲಿ ಗೊತ್ತುಮಾಡಿದ ಗರಿಷ್ಠ ಮಿತಿ ಗಂಟೆಗೆ 100 ಕಿ.ಮೀ.; 300ರ ಟೈರು ಯಾರಿಗೆ ಬೇಕು ಎಂಬುದು ಅವರ ಕೇಳಿಕೆ. ಕೇಳಿಕೆ ಸಹಜವೇ. ಆದರೆ ಆ ಅಕ್ಷರ ಹೇಳುವುದು ಓಡಬೇಕಾದ ವೇಗವನ್ನಲ್ಲ, ತಡೆದುಕೊಳ್ಳಬಲ್ಲ ಕಾವನ್ನು. ಟೈರು ಉರುಳಿದಷ್ಟೂ ಬಾಗಿ ಬಾಗಿ ಒಳಗೆ ಬಿಸಿಯೇರುತ್ತದೆ. ಮೇಲಾಗಿ ಕಾರಿನ ತಿರುಗುಚಕ್ರ, ಸ್ಪ್ರಿಂಗು, ಬ್ರೇಕುಗಳನ್ನು ಹೊಂದಿಸಿರುವುದು ಅಂಥ ಬಿಗಿಯಾದ ಟೈರಿಗೇ. ತಯಾರಕರು ಕೇಳಿದ ಅಕ್ಷರಕ್ಕಿಂತ ಕೆಳಗಿಳಿಯದಿರುವುದು ಲೇಸು. ಭಾರದ ಅಂಕಿಯನ್ನಂತೂ ಎಂದಿಗೂ ಇಳಿಸಲಾಗದು. ಕೆಲವು ಕಾರುಗಳಿಗೆ ಅವುಗಳ ತಯಾರಕರೇ ಪರೀಕ್ಷಿಸಿ ಒಪ್ಪಿದ ಟೈರುಗಳಿಗೆ ಗುರುತು ಒತ್ತಿಸುತ್ತಾರೆ: ಪೋರ್ಷೆಗೆ ಎನ್ ಅಕ್ಷರ, ಬಿ.ಎಂ.ಡಬ್ಲ್ಯೂ.ಗೆ ನಕ್ಷತ್ರ. ಒಂದೇ ಕಂಪನಿಯ ಒಂದೇ ಹೆಸರಿನ ಟೈರಾದರೂ ಗುರುತಿದ್ದುದಕ್ಕೂ ಇಲ್ಲದ್ದಕ್ಕೂ ಒಳಗಿನ ಪಾಕ ಬೇರೆಯಿರಬಹುದು.

ಪಾಕವೆಂಬ ಮಾತು ಬರಿಯ ಉಪಮೆಯಲ್ಲ. ಮೆತ್ತನೆಯ ರಬ್ಬರು ರಸ್ತೆಯ ಸಣ್ಣ ಸಣ್ಣ ಉಬ್ಬುತಗ್ಗುಗಳಿಗೆ ಒಗ್ಗಿಕೊಂಡು ಅಂಟುತ್ತದೆ, ಬೇಗ ಸವೆಯುತ್ತದೆ; ಗಟ್ಟಿಯದು ಬಾಳುತ್ತದೆ, ಜಾರುತ್ತದೆ. 1990ರ ದಶಕದಿಂದೀಚೆಗೆ ಕಪ್ಪು ಮಸಿಯೊಡನೆ ಸಿಲಿಕವನ್ನೂ ಬೆರೆಸತೊಡಗಿದ ಮೇಲೆ ಒದ್ದೆ ನೆಲದ ಹಿಡಿತ ಬಹಳ ಸುಧಾರಿಸಿತು. ಅಮೆರಿಕದ ಪದ್ಧತಿಯಂತೆ ಹಲವು ಟೈರುಗಳ ಪಕ್ಕೆಯಲ್ಲಿ ಸವೆತದ ಅಂಕಿ ಮುದ್ರಿತವಾಗಿರುತ್ತದೆ. 400 ಇದ್ದದ್ದು ಪ್ರಯಾಣಕ್ಕೆ ಬಾಳುವಂಥದು; 200 ಅಥವಾ ಅದಕ್ಕಿಂತ ಕಡಮೆಯಾದುದು ಪಂದ್ಯದ ಕಣಕ್ಕೆ ಸಮೀಪದ್ದು. ತರುಣರಿಗೆ ಈ ಎರಡನೆಯ ಜಾತಿಯ ಮೇಲೆ ವಿಶೇಷ ಒಲವು. ಚೆನ್ನೈ ಬಳಿಯ ಪಂದ್ಯದ ಹಾದಿಯಲ್ಲಿ, ಬಿಸಿಲಿನಲ್ಲಿ ಕಾದು, ಅದು ಅದ್ಭುತವಾಗಿ ಹಿಡಿಯುತ್ತದೆ. ಆದರೆ ಅದರ ಮೇಲೆ ನೀರು ಹರಿದುಹೋಗಲು ಗೆರೆಗಳು ಕಡಮೆ. ಜುಲೈ ತಿಂಗಳಲ್ಲಿ ತಡಸದಿಂದ ಮುಂಡಗೋಡ, ಶಿರಸಿಯ ಕಡೆಗೆ ಹೊರಳಿದರೆ ಅದೇ ಟೈರು ಶತ್ರುವಾಗುತ್ತದೆ.

ನೀರಿನ ವಿಷಯವನ್ನು ಸ್ವಲ್ಪ ವಿಸ್ತರಿಸಿಯೇ ಹೇಳಬೇಕು. ವಿಮಾನದ ಗಾಲಿಗಳು ಒದ್ದೆ ನೆಲದಲ್ಲಿ ಜಾರುವುದನ್ನು ಅಮೆರಿಕದ ನಾಸಾ ಸಂಸ್ಥೆ 1960ರ ದಶಕದಲ್ಲಿ ಪರೀಕ್ಷಿಸಿ ಒಂದು ಸೂತ್ರವನ್ನು ಕೊಟ್ಟಿತು. ಟೈರು ತೇಲಲು ತೊಡಗುವ ವೇಗ ಅದರೊಳಗಿನ ಒತ್ತಡದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ. ಮೇಲೆ ಹೇಳಿದ 2.3 ಕಿಲೋ ಒತ್ತಡಕ್ಕೆ ಆ ವೇಗ ಗಂಟೆಗೆ ಸುಮಾರು 95 ಕಿ.ಮೀ. ಎಂದರೆ, ನಿಂತ ನೀರಿನ ಮೇಲೆ ಸವೆದ ಟೈರಿನ ಕಾರು ಕಾನೂನು ಒಪ್ಪಿದ ವೇಗದಲ್ಲಿಯೇ ದೋಣಿಯಾಗಬಲ್ಲುದು. ಆಗ ತಿರುಗುಚಕ್ರ ತಿರುಗಿಸಿದರೂ ಒಂದೇ, ಬಿಟ್ಟರೂ ಒಂದೇ. ಅಗಲವಾದ ಟೈರು ಇನ್ನೂ ಬೇಗ ತೇಲುತ್ತದೆ. ಅದನ್ನು ತಡೆಯುವುದು ಆಳವಾದ ಗೆರೆಗಳು. ಹೊಸ ಟೈರಿನಲ್ಲಿ ಅವು ಸುಮಾರು 8 ಮಿಲಿಮೀಟರು ಆಳವಿರುತ್ತವೆ; 1.6 ಮಿಲಿಮೀಟರಿಗೆ ಇಳಿದರೆ ಕಾನೂನಿನ ಪ್ರಕಾರ ಟೈರಿನ ಆಯುಸ್ಸು ಮುಗಿಯಿತು. ಮಳೆಯ ನಾಡಿನಲ್ಲಿ 3 ಮಿಲಿಮೀಟರಿಗೇ ಬಿಟ್ಟುಬಿಡುವುದು ಜಾಣತನ. ಚಳಿದೇಶಗಳಿಗಾಗಿ ಮಾಡಿದ ಹಿಮದ ಟೈರುಗಳ ಗೊಡವೆ ನಮಗೆ ಬೇಡ. ಅವು 7 ಡಿಗ್ರಿಗಿಂತ ಕೆಳಗಿನ ಚಳಿಗೆ ಹೇಳಿದವು.

ಒದ್ದೆಯೊಂದೇ ಅಲ್ಲ. ಸುಗ್ಗಿಯಲ್ಲಿ ಇಲ್ಲಿನ ಒಳದಾರಿಗಳ ಮೇಲೆ ಗೋವಿನಜೋಳ ಹರವಿ ಒಣಗಿಸುವುದುಂಟು. ಉರುಳುವ ಕಾಳಿನ ಮೇಲೆ ಜಗತ್ತಿನ ಯಾವ ಟೈರೂ ಹಿಡಿಯದು. ಅದಕ್ಕೆ ಔಷಧ ಅಂಗಡಿಯಲ್ಲಿಲ್ಲ, ಚಾಲಕನ ಬಲಗಾಲಿನಲ್ಲಿದೆ.

ಒಂದು ಟೈರೇ, ಎರಡೇ, ನಾಲ್ಕೇ? ಕೆಟ್ಟದ್ದು ಒಂದೇ ಆದ್ದರಿಂದ ಒಂದನ್ನೇ ಕೊಳ್ಳಲು ಗೃಹಸ್ಥನ ಮನಸ್ಸು ಎಳೆಯುತ್ತದೆ. ಉಳಿದವು ಹೊಸದಾಗಿದ್ದರೆ ಅದೂ ಸರಿಯೇ. ಅರ್ಧ ಸವೆದಿದ್ದರೆ ಒಂದು ಅಚ್ಚಿನ ಎರಡೂ ಕಡೆ ಒಂದೇ ಜಾತಿಯ, ಒಂದೇ ವಯಸ್ಸಿನ ಟೈರುಗಳಿರಬೇಕು. ನಾಲ್ಕೂ ಗಾಲಿಗಳಿಗೆ ಎಂಜಿನ್ನಿನ ಬಲ ಹೋಗುವ ಕಾರಾದರೆ ನಾಲ್ಕನ್ನೂ ಬದಲಿಸಬೇಕಾಗಬಹುದು. ಹಿಂದುಮುಂದು ಒಂದೇ ಅಳತೆಯಿದ್ದು ಎರಡನ್ನೇ ಕೊಳ್ಳುವವರು ಹೊಸವನ್ನು ಹಿಂದಕ್ಕೆ ಹಾಕಬೇಕು. ಕೇಳಿದವರಿಗೆ ಇದು ವಿಪರೀತವೆನಿಸೀತು. ಮುಂದಿನ ಗಾಲಿ ಜಾರಿದರೆ ಕಾರು ನೆಟ್ಟಗೆ ಹೋಗುತ್ತದೆ, ಚಾಲಕನು ವೇಗ ಇಳಿಸಿ ಸಂಭಾಳಿಸಿಯಾನು. ಹಿಂದಿನದು ಜಾರಿದರೆ ಕಾರು ಬುಗುರಿಯಾಗುತ್ತದೆ, ಬುಗುರಿಯನ್ನು ಹಿಡಿಯಬಲ್ಲವರು ಕಡಮೆ.

ವಯಸ್ಸನ್ನೂ ಕೇಳಬೇಕು. ಪಕ್ಕೆಯ ಮೇಲಿನ ನಾಲ್ಕಂಕಿಯಲ್ಲಿ ಮೊದಲೆರಡು ವಾರ, ಕಡೆಯೆರಡು ವರ್ಷ: 2324 ಎಂದರೆ 2024ರ 23ನೆಯ ವಾರ. ಭಾನುವಾರಕ್ಕೊಮ್ಮೆ ಹೊರಬೀಳುವ ಸ್ಪೋರ್ಟ್ಸ್ ಕಾರಿನ ಟೈರು ಸವೆಯುವುದಕ್ಕೆ ಮೊದಲೇ ಮುದಿಯಾಗುತ್ತದೆ; ಗೆರೆ ಆಳವಾಗಿದ್ದರೂ ರಬ್ಬರು ಬಿರುಸಾಗಿರುತ್ತದೆ. ಐದು ವರ್ಷ ದಾಟಿದ ಮೇಲೆ ವರುಷಕ್ಕೊಮ್ಮೆ ಪರೀಕ್ಷಿಸಬೇಕೆಂದೂ, ಹತ್ತಕ್ಕೆ ಹೇಗಿದ್ದರೂ ತೆಗೆದುಹಾಕಬೇಕೆಂದೂ ಕೆಲವು ತಯಾರಕರೇ ಹೇಳುತ್ತಾರೆ. ಅಪರೂಪದ ಅಳತೆಯ ಟೈರುಗಳು ಅಂಗಡಿಯ ಕಪಾಟಿನಲ್ಲಿಯೇ ಮೂರು ನಾಲ್ಕು ವರ್ಷ ಕಳೆದಿರುವುದುಂಟು. ರಿಯಾಯಿತಿ ಕೇಳದೆಯೇ ಸಿಕ್ಕರೆ ಮೊದಲು ಆ ನಾಲ್ಕಂಕಿ ನೋಡಬೇಕು.

ಅಪರೂಪವಾಗಲು ಇನ್ನೊಂದು ಕಾರಣವೂ ಇದೆ. 2020ರ ಜೂನಿನಲ್ಲಿ ಕೇಂದ್ರ ಸರ್ಕಾರ ಹೊರನಾಡಿನ ಹೊಸ ಟೈರುಗಳ ಆಮದಿಗೆ ಪರವಾನಗಿ ಬೇಕೆಂದು ಕಟ್ಟುಮಾಡಿತು. ದೇಶದ ಕಾರ್ಖಾನೆಗಳಿಗೆ ಅದು ಒಳಿತೇ ಇರಬಹುದು. ಮೈಸೂರಿನ ವಿಕ್ರಾಂತ್ ಕಾರ್ಖಾನೆ, 1997ರಲ್ಲಿ ಜೆ.ಕೆ. ಟೈರ್ ಸಂಸ್ಥೆಯ ಕೈಸೇರಿದ್ದು, ಕನ್ನಡನಾಡಿನ ಹೆಮ್ಮೆಯೇ ಸರಿ. ಆದರೆ ದೊಡ್ಡ ರಿಮ್ಮಿನ, ಗಿಡ್ಡ ಪಕ್ಕೆಯ ವಿಶೇಷ ಅಳತೆಗಳಿಗೆ ದಿನಗಟ್ಟಲೆ ಕಾಯಬೇಕಾದ ಪ್ರಸಂಗಗಳು ಬಂದವು.

ಹಾಗಾದರೆ ಶಿಗ್ಗಾಂವದಲ್ಲಿ ನಿಂತ ಆ ದಂಪತಿಗಳು ಏನು ಮಾಡಬೇಕು? ಉಬ್ಬಿದ ಟೈರಿನ ಮೇಲೆ ಮುಹೂರ್ತಕ್ಕೆ ಓಡುವುದಂತೂ ಸಲ್ಲ. ಸಮೀಪದ ಅಳತೆಯನ್ನು ಸಿಕ್ಕಿಸಿಕೊಂಡು ಓಡುವುದೂ ಸಲ್ಲ. ಹುಬ್ಬಳ್ಳಿಯ ಕಡೆಗೆ ಬಸ್ಸುಗಳಿಗೆ ಬರವಿಲ್ಲ. ರೇಷ್ಮೆಯ ಸೀರೆಯ ಪೆಟ್ಟಿಗೆ ಹಿಡಿದು ಬಸ್ಸು ಹತ್ತಿದರೆ ರಾತ್ರಿಯೇ ಬೆಳಗಾವಿ ಸೇರಬಹುದು. ಕಾರು ಮೂರು ದಿನ ಇಲ್ಲಿಯೇ, ಅಂಗಡಿಯ ಹಿಂದಿನ ಬೇವಿನ ನೆರಳಿನಲ್ಲಿ, ಊರ ಹುಡುಗರ ಮೆಚ್ಚಿನ ನೋಟವಾಗಿ ನಿಲ್ಲುತ್ತದೆ. ಬೆಂಗಳೂರಿನಿಂದ ಸರಿಯಾದ ಅಳತೆಯ ಎರಡು ಟೈರು ಲಾರಿಯಲ್ಲಿ ಬರುತ್ತವೆ. ಕೂಡಿಸಿದ ಬಳಿಕ ತೂಕ ಸರಿದೂಗಿಸಬೇಕು. ಗಾಲಿಗಳ ಓರೆಯನ್ನು ಯಂತ್ರದಿಂದ ಅಳೆಯಬೇಕು, ತಗ್ಗಿಗೆ ಬಿದ್ದ ಗಾಲಿ ನೆಟ್ಟಗುಳಿಯುವುದು ವಿರಳ. ಗಾಳಿಯನ್ನು ಟೈರು ತಣ್ಣಗಿರುವಾಗಲೇ ನೋಡಬೇಕು. ಸುಮಾರು 6 ಡಿಗ್ರಿ ಕಾವು ಏರಿದರೆ ಒತ್ತಡ ಒಂದು ಪೌಂಡು ಏರುತ್ತದೆ.

ಅಚ್ಚಿನಿಂದ ಬಿಡಿಸುವಾಗ ಹತ್ತಿದ ಜಾರುಪದಾರ್ಥ ಹೊಸ ರಬ್ಬರಿನ ಮೇಲೆ ಇನ್ನೂ ಇರುತ್ತದೆ. ಅದು ಸವೆಯುವ ತನಕ, ಮೊದಲ ಕೆಲವು ನೂರು ಕಿಲೋಮೀಟರು, ಅವಸರ ಕೂಡದು. ಆದ್ದರಿಂದ ಮದುವೆ ಮುಗಿಸಿಕೊಂಡು ಬಂದ ಗಂಡಹೆಂಡಿರು ಶಿಗ್ಗಾಂವದಿಂದ ಬೆಂಗಳೂರಿನ ಕಡೆಗೆ ಹೊರಡುವಾಗ, ಆ ಸ್ಪೋರ್ಟ್ಸ್ ಕಾರು ಬಂಕಾಪುರದವರೆಗೂ ಹತ್ತಿಯ ಅಂಡಿಗೆ ಹೇರಿದ ಲಾರಿಯೊಂದರ ಹಿಂದೆ, ಅದರದೇ ನಡಿಗೆಯಲ್ಲಿ ಹೋದರೆ ಯಾರೂ ನಗಬೇಕಾದುದಿಲ್ಲ.