ಹೊಳೆ ದಾಟುವ ನಾಲೆ

ಹುಣಸೂರು ಕಡೆಯ ಹನಗೋಡು, ಕಟ್ಟೆಮಳಲವಾಡಿಗಳಲ್ಲಿ ಲಕ್ಷ್ಮಣತೀರ್ಥಕ್ಕೆ ಕಟ್ಟಿದ ಅಣೆಗಳಿವೆ. ಕೆ.ಆರ್. ನಗರ ಸೀಮೆಯ ಚುಂಚನಕಟ್ಟೆಯಲ್ಲಿ ಕಾವೇರಿಗೂ ಅಣೆಯುಂಟು. ಅಣೆ ಕಟ್ಟಿ, ನಾಲೆ ತೋಡಿ, ತೂಬಿನಿಂದ ಗದ್ದೆಗೆ ನೀರು ಬಿಡುವ ವಿದ್ಯೆ ಈ ಸೀಮೆಗೆ ಹಳೆಯದು. ಇಲ್ಲಿನ ಕಲ್ಲುಕುಟಿಗರಿಗೆ ಎದುರಾದ ಪ್ರಶ್ನೆಯೊಂದಿತ್ತು: ನಾಲೆಗೆ ಹೊಳೆಯೇ ಅಡ್ಡ ಬಂದರೆ?

ಉತ್ತರ ಶ್ರೀರಂಗಪಟ್ಟಣದಲ್ಲಿದೆ. ಲಕ್ಷ್ಮಣತೀರ್ಥವೂ ಕಾವೇರಿಯೂ ಕನ್ನಂಬಾಡಿಯಲ್ಲಿ ಕೂಡಿ ಹರಿದು ಬರುವುದು ಅಲ್ಲಿಗೇ. ಅಲ್ಲಿ ಬಂಗಾರದೊಡ್ಡಿ ನಾಲೆ ಕಾವೇರಿಯ ಕವಲೊಂದನ್ನು ಕಲ್ಲಿನ ಮೇಲ್ಗಾಲುವೆಯಲ್ಲಿ ದಾಟಿ ದ್ವೀಪ ಸೇರುತ್ತದೆ. ಕೆಳಗೆ ಹೊಳೆಯ ನೀರು, ಮೇಲೆ ನಾಲೆಯ ನೀರು. ಕಂಠೀರವ ನರಸರಾಜ ಒಡೆಯರ ಕಾಲದ್ದೆಂದು (1638–1659) ಪ್ರತೀತಿ.

ನಾಲೆಯಂತೆ ದಾರಿಯೂ ಹೊಳೆ ದಾಟಬೇಕು. ಅದೇ ಊರಿನ ವೆಲ್ಲೆಸ್ಲಿ ಸೇತುವೆಯನ್ನು 1804ರಲ್ಲಿ ದಿವಾನ್ ಪೂರ್ಣಯ್ಯನವರು ಕಟ್ಟಿಸಿದರು. ಆಗಿನ ಬ್ರಿಟಿಷ್ ಗವರ್ನರ್ ಜನರಲ್ ಹೆಸರು ಅದಕ್ಕೆ ಅಂಟಿದೆ. ಕೆಲಸ ಮಾತ್ರ ಅಪ್ಪಟ ನಮ್ಮದು. ಸೇತುವೆಯ ಪಕ್ಕ ದಡಕ್ಕಿಳಿದು ಕೆಳಗಿನಿಂದ ನೋಡಬೇಕು. ಕಮಾನು ಎಲ್ಲಿಯೂ ಇಲ್ಲ. ನದಿಯಲ್ಲಿ ಸಾಲುಸಾಲು ಕಲ್ಲುಕಂಬ, ಕಂಬದ ನೆತ್ತಿಯ ಮೇಲೆ ಬೋದಿಗೆ, ಬೋದಿಗೆಗಳ ಮೇಲೆ ಉದ್ದನೆಯ ಕಲ್ಲುತೊಲೆ. ದೇವಸ್ಥಾನದ ಮಂಟಪ ಕಟ್ಟುವ ಕ್ರಮವೂ ಇದೇ. ಕಲ್ಲು ಮೇಲಿನಿಂದ ಒತ್ತುವ ಭಾರವನ್ನು ಚೆನ್ನಾಗಿ ಹೊರುತ್ತದೆ, ಆದರೆ ಕಂಬಗಳ ಅಂತರ ಹೆಚ್ಚಾದರೆ ತೊಲೆ ನಡುವೆ ಬಿರಿಯುತ್ತದೆ. ಅದಕ್ಕೇ ಕಂಬಗಳು ಒತ್ತೊತ್ತಾಗಿವೆ. ಬೋದಿಗೆ ಎರಡೂ ಬದಿಗೆ ಚಾಚಿ ಅಂತರವನ್ನು ಇನ್ನಷ್ಟು ತಗ್ಗಿಸುತ್ತದೆ. ಮಂಟಪದ ವಿದ್ಯೆಯನ್ನೇ ಹೊಳೆಗಿಳಿಸಿದ ಈ ಧೈರ್ಯ ನನಗೆ ಯಾವ ಕಮಾನಿಗಿಂತಲೂ ದೊಡ್ಡದಾಗಿ ಕಾಣುತ್ತದೆ.

ಇಂಥ ಕಟ್ಟಡಕ್ಕೆ ಪ್ರವಾಹದಷ್ಟೇ ದೊಡ್ಡ ಶತ್ರು ಸಂದಿಯಲ್ಲಿ ಮೊಳೆಯುವ ಅರಳಿಗಿಡ. ಬೇರು ಬಲಿತರೆ ತೊಲೆಯನ್ನೇ ಸರಿಸುತ್ತದೆ. ಕಂಬಕ್ಕೆ ಸಿಕ್ಕಿಕೊಳ್ಳುವ ಮರದ ದಿಮ್ಮಿ, ಕಸ, ಪ್ಲಾಸ್ಟಿಕ್ ನೀರಿನ ಒತ್ತಡವನ್ನು ಹೆಚ್ಚಿಸುತ್ತವೆ. ಇದಕ್ಕೆ ಕೋಟಿಗಟ್ಟಲೆ ಯೋಜನೆ ಬೇಡ. ಪ್ರತಿವರ್ಷ ಮುಂಗಾರಿಗೆ ಮೊದಲು ಗಿಡ ಕೀಳಿಸಿ, ಕಂಬಗಳ ನಡುವಿನ ಕಸ ತೆಗೆಸುವ ಕೆಲಸವನ್ನು ನೀರಾವರಿ ಮತ್ತು ಪುರಾತತ್ವ ಇಲಾಖೆಗಳು ತಪ್ಪದೆ ಮಾಡಲಿ. ಹನಗೋಡು, ಕಟ್ಟೆಮಳಲವಾಡಿಯ ಅಣೆಗಳಿಗೂ ಇದೇ ಕಾಳಜಿ ಸಿಗಬೇಕು.