ಯೆಹೂದ್ಯ ಶಿಕ್ಷಣದಲ್ಲಿ ಮುಕ್ತ ಚಿತ್ರಗಳ ಬಳಕೆ

ಗ್ರಂಥಾಧ್ಯಯನವನ್ನೇ ಜೀವನಧರ್ಮವೆಂದು ಬಗೆದ ಜನಾಂಗಗಳಲ್ಲಿ ಯೆಹೂದ್ಯರು ಅಗ್ರಗಣ್ಯರು. ಅವರ ಪಾಠಶಾಲೆಗಳಲ್ಲಿ ಅಕ್ಷರಕ್ಕೆ ಸಂದ ಗೌರವವು ಚಿತ್ರಕ್ಕೆ ಬಹುಕಾಲ ಸಂದಿರಲಿಲ್ಲ. ದಶಾಜ್ಞೆಗಳಲ್ಲಿ ವಿಗ್ರಹನಿಷೇಧವಿರುವ ಕಾರಣ ಆ ಸಂಪ್ರದಾಯದಲ್ಲಿ ಚಿತ್ರಕಲೆಯೇ ಇರಲಿಲ್ಲವೆಂಬ ಭಾವನೆಯೂ ಹರಡಿತ್ತು. ಇದು ಅರ್ಧಸತ್ಯ. ಸಿರಿಯಾ ದೇಶದ ಯೂಫ್ರೆಟಿಸ್ ನದೀತೀರದ ದುರಾ-ಯೂರೋಪಸ್ ಎಂಬಲ್ಲಿ 1932ರಲ್ಲಿ ಬೆಳಕಿಗೆ ಬಂದ ಯೆಹೂದ್ಯ ಪ್ರಾರ್ಥನಾಮಂದಿರದ ಗೋಡೆಗಳ ಮೇಲೆ ಕ್ರಿ.ಶ. 3ನೆಯ ಶತಮಾನದ ಕಥಾಚಿತ್ರಗಳು ಸಾಲುಸಾಲಾಗಿದ್ದವು. ಶಿಶು ಮೋಶೆಯನ್ನು ನದಿಯಿಂದೆತ್ತುವ ದೃಶ್ಯವೂ ಅವುಗಳಲ್ಲೊಂದು. ಪಸ್ಕಹಬ್ಬದ ರಾತ್ರಿ ಓದುವ 'ಹಗ್ಗಾದಾ' ಗ್ರಂಥದ ಒಂದು ಹಸ್ತಪ್ರತಿಯಲ್ಲಂತೂ, ಸುಮಾರು 1300ರಲ್ಲಿ ದಕ್ಷಿಣ ಜರ್ಮನಿಯ ಚಿತ್ರಕಾರನು ಯೆಹೂದ್ಯರಿಗೆ ಹಕ್ಕಿಯ ತಲೆಗಳನ್ನಿಟ್ಟಿದ್ದಾನೆ! ಏಕೆಂಬುದನ್ನು ಕುರಿತು ವಿದ್ವಾಂಸರ ಚರ್ಚೆ ಇಂದಿಗೂ ಮುಗಿದಿಲ್ಲ. ತರಗತಿಯಲ್ಲಿ ಪ್ರಶ್ನೆಗಳನ್ನೆಬ್ಬಿಸಲು ಇದಕ್ಕಿಂತ ಉತ್ತಮವಾದ ಪುಟ ದೊರೆಯುವುದು ದುರ್ಲಭ.

ಇಂತಹ ಚಿತ್ರಗಳು ಒಂದು ಕಾಲದಲ್ಲಿ ದುಬಾರಿ ಗ್ರಂಥಗಳಲ್ಲಿ ಮಾತ್ರ ಲಭ್ಯವಿದ್ದವು. ಅಂತರಜಾಲವು ಈ ಕೊರತೆಯನ್ನು ನೀಗಿಸಿದೆ. 2004ರಲ್ಲಿ ಆರಂಭವಾದ ವಿಕಿಮೀಡಿಯಾ ಕಾಮನ್ಸ್ ಭಂಡಾರದಲ್ಲಿ ಹಸ್ತಪ್ರತಿಗಳು, ಪ್ರಾರ್ಥನಾಮಂದಿರಗಳು, ಹಬ್ಬದ ಪರಿಕರಗಳು ಹೇರಳವಾಗಿವೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯವು ಹಕ್ಕುಸ್ವಾಮ್ಯ ಮುಗಿದ ತನ್ನ ಕೃತಿಗಳ ಚಿತ್ರಗಳನ್ನು 2017ರಲ್ಲಿ ಸರ್ವರಿಗೂ ಮುಕ್ತಗೊಳಿಸಿತು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿರುವ ಮ್ಯಾಟ್ಸನ್ ಸಂಗ್ರಹವು 20ನೆಯ ಶತಮಾನದ ಪೂರ್ವಾರ್ಧದ ಜೆರೂಸಲೇಮನ್ನು ಕಣ್ಣೆದುರು ನಿಲ್ಲಿಸುತ್ತದೆ. ಚಿತ್ರಗಳಿಗೇನೋ ಬರವಿಲ್ಲ. ಅವುಗಳನ್ನು ಓದಬಲ್ಲ ಅಧ್ಯಾಪಕರನ್ನು ಸಿದ್ಧಗೊಳಿಸುವುದೇ ಕಷ್ಟದ ಕೆಲಸ.

ಈ ಕಷ್ಟದ ಸ್ವರೂಪವನ್ನು ಅರಿಯಲು ರೋಮ್ ನಗರದ ಟೈಟಸ್ ವಿಜಯತೋರಣವನ್ನು ನೋಡಬಹುದು. ಕ್ರಿ.ಶ. 70ರಲ್ಲಿ ರೋಮನ್ ಸೇನೆಯು ಜೆರೂಸಲೇಮಿನ ದೇವಾಲಯವನ್ನು ನಾಶಮಾಡಿತು. ಸುಮಾರು 81ರಲ್ಲಿ ನಿರ್ಮಿತವಾದ ಈ ತೋರಣದ ಒಳಮೈಯಲ್ಲಿ, ಕೊಳ್ಳೆಹೊಡೆದ ಏಳು ಕವಲುಗಳ ದೀಪಸ್ತಂಭವನ್ನು, ಎಂದರೆ 'ಮೆನೋರಾ'ವನ್ನು, ಹೊತ್ತು ಸಾಗುವ ಮೆರವಣಿಗೆಯ ಶಿಲ್ಪವಿದೆ. ಹೊತ್ತವರು ಸೆರೆಸಿಕ್ಕ ಯೆಹೂದ್ಯರೆಂದು ಅನೇಕರು ನಂಬಿದ್ದುಂಟು. ಚಿತ್ರವನ್ನು ದೊಡ್ಡದಾಗಿಸಿ ನೋಡಿದರೆ ಅವರ ತಲೆಯ ಮೇಲೆ ವಿಜಯದ ಕುರುಹಾದ ಎಲೆಮಾಲೆ ಕಾಣುತ್ತದೆ, ಅವರು ರೋಮನರು. ದೀಪದ ಪೀಠವೂ ವಿಚಾರಾರ್ಹ. ಪ್ರಾಚೀನ ಪ್ರಾರ್ಥನಾಮಂದಿರಗಳ ನೆಲಹಾಸಿನ ಚಿತ್ರಗಳಲ್ಲಿ ಮೆನೋರಾಕ್ಕೆ ಸಾಮಾನ್ಯವಾಗಿ ಮೂರು ಕಾಲುಗಳಿರುತ್ತವೆ. ರೋಮನರ ಶಿಲ್ಪದಲ್ಲಿ ಹಲವು ಮುಖಗಳ ಎರಡಂತಸ್ತಿನ ಪೀಠವಿದೆ. ಆದರೂ 1949ರಲ್ಲಿ ಇಸ್ರೇಲ್ ರಾಷ್ಟ್ರವು ತನ್ನ ಲಾಂಛನಕ್ಕೆ ಆರಿಸಿಕೊಂಡದ್ದು ಈ ತೋರಣದ ದೀಪವನ್ನೇ. ಸೋಲಿಸಿದವನು ಕೆತ್ತಿಸಿದ ಗುರುತು ಸೋತವರ ಸಂತತಿಯ ಮುದ್ರೆಯಾಯಿತು. ಇನ್ನೊಂದು ಸಂಗತಿ: ಇಂದು ಬಿಳಿಚಿಕೊಂಡಿರುವ ಈ ಕಲ್ಲಿನ ದೀಪಕ್ಕೆ ಹಿಂದೆ ಹಳದಿ ಬಣ್ಣವಿದ್ದಿತೆಂದು 2012ರ ಪರೀಕ್ಷೆಯಲ್ಲಿ ತಿಳಿದುಬಂತು. ಚಿತ್ರವನ್ನು ಪಾಠದ ಅಲಂಕಾರಕ್ಕಾಗಿ ಅಂಟಿಸುವ ಅಧ್ಯಾಪಕರ ಕಣ್ಣಿಗೆ ಇದಾವುದೂ ಬೀಳದು.

ಇದೇ ಪ್ರಶ್ನೆಯು ನಾಜೀ ಯುಗದ ಛಾಯಾಚಿತ್ರಗಳಲ್ಲಿ ಅತ್ಯಂತ ದಾರುಣವಾಗಿ ಎದುರಾಗುತ್ತದೆ. ವಾರ್ಸಾ ನಗರದಲ್ಲಿ ಕೈಗಳನ್ನು ಮೇಲೆತ್ತಿ ನಿಂತ ಬಾಲಕನ ಚಿತ್ರವನ್ನು ನೋಡದವರು ವಿರಳ. ಅದು 1943ರಲ್ಲಿ ಅಲ್ಲಿಯ ಯೆಹೂದ್ಯ ವಸತಿಯನ್ನು ನಾಶಮಾಡಿದ ಅಧಿಕಾರಿ ಸ್ಟ್ರೂಪನು ತನ್ನ ಸಾಧನೆಯನ್ನು ತೋರಿಸಲು ಸಿದ್ಧಪಡಿಸಿದ ವರದಿಯೊಳಗಿನದು. ಅದು ಸುಲಭವಾಗಿ ಲಭ್ಯವೆಂಬ ಕಾರಣದಿಂದಲೇ ಮತ್ತೆ ಮತ್ತೆ ಪಾಠಕ್ಕೆ ಬರುತ್ತದೆ. ಬಲಿಯಾದವರನ್ನು ಬಲಿಗೊಟ್ಟವರ ಕಣ್ಣಿನಿಂದಲೇ ಮಕ್ಕಳು ಕಾಣುತ್ತಾರೆ. ಲೋಡ್ಜ್ ನಗರದ ಹೆನ್ರಿಕ್ ರಾಸ್ ಎಂಬ ಯೆಹೂದ್ಯ ಛಾಯಾಗ್ರಾಹಕನು ಪ್ರಾಣಾಪಾಯವನ್ನು ಲೆಕ್ಕಿಸದೆ ಗುಟ್ಟಾಗಿ ತನ್ನವರ ಬಾಳನ್ನು ಸೆರೆಹಿಡಿದು, 1944ರಲ್ಲಿ ಆ ನೆಗೆಟಿವ್‌ಗಳನ್ನು ನೆಲದಲ್ಲಿ ಹೂತಿಟ್ಟು, ಮರುವರ್ಷ ಅಗೆದು ತೆಗೆದನು. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು, 'ಇದನ್ನು ತೆಗೆದವರಾರು? ಯಾರಿಗಾಗಿ?' ಎಂದು ಕೇಳುವ ಅಭ್ಯಾಸವನ್ನು ಅಧ್ಯಾಪಕರ ತರಬೇತಿಯಲ್ಲಿಯೇ ಬೆಳೆಸಬೇಕಾದುದು ಅಗತ್ಯ.

ಮುಕ್ತವೆಂದ ಮಾತ್ರಕ್ಕೆ ನಿರ್ಬಂಧವೇ ಇಲ್ಲವೆಂದಲ್ಲ. ಹಳೆಯ ಹಸ್ತಪ್ರತಿಯ ಪುಟದ ಯಥಾವತ್ ಛಾಯಾಚಿತ್ರಕ್ಕೆ ಹೊಸ ಹಕ್ಕು ಹುಟ್ಟದೆಂದು ಅಮೆರಿಕದ ನ್ಯಾಯಾಲಯವೊಂದು 1999ರಲ್ಲಿ ತೀರ್ಪಿತ್ತಿತು; ಶಿಲ್ಪದ ಚಿತ್ರವಾದರೆ ತೆಗೆದವರಿಗೂ ಹಕ್ಕಿರಬಹುದು. 2002ರಲ್ಲಿ ಬಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳಲ್ಲಿ ಹೆಚ್ಚಿನವು ಕರ್ತೃವಿನ ಹೆಸರನ್ನು ಕಾಣಿಸಬೇಕೆನ್ನುತ್ತವೆ. ಯೆಹೂದ್ಯ ಅಧ್ಯಾಪಕರಿಗೆ ಇದು ಹೊಸ ಪಾಠವಲ್ಲ. 'ಪಿರ್ಕೆ ಅವೋತ್' ಗ್ರಂಥವು ತೋರಾವನ್ನು ಗಳಿಸುವ 48 ಗುಣಗಳನ್ನೆಣಿಸುವಾಗ, ಮಾತನ್ನು ಅದನ್ನಾಡಿದವರ ಹೆಸರಿನಿಂದಲೇ ಹೇಳುವುದನ್ನು ಕಡೆಯ ಗುಣವಾಗಿ ಸೇರಿಸಿದೆ.

ಸಂಪ್ರದಾಯನಿಷ್ಠ ಶಾಲೆಗಳಲ್ಲಿ ಬೇರೊಂದು ಕಟ್ಟುಪಾಡಿದೆ. ಸಬ್ಬತ್ತಿನ ದಿನ ವಿದ್ಯುದುಪಕರಣಗಳನ್ನು ಚಾಲನೆ ಮಾಡುವಂತಿಲ್ಲವಾದ್ದರಿಂದ, ಬೇಕಾದ ಚಿತ್ರಗಳನ್ನು ಶುಕ್ರವಾರದ ಸೂರ್ಯಾಸ್ತಕ್ಕೆ ಮುನ್ನವೇ ಮುದ್ರಿಸಿಕೊಳ್ಳಬೇಕು. ಮುದ್ರಿಸಿದ ಹಾಳೆಯಲ್ಲಿ ಹೀಬ್ರೂ ಭಾಷೆಯ ದೇವನಾಮವಿದ್ದರೆ ಅದನ್ನು ಕಸಕ್ಕೆ ಎಸೆಯಬಾರದು. 'ಗೆನೀಜಾ' ಎಂಬ ಕೋಣೆಯಲ್ಲಿರಿಸುವುದು ಅಥವಾ ಹೂಳುವುದು ಪದ್ಧತಿ.

ಈ ಪದ್ಧತಿಯೇ ಇಂದಿನ ತರಗತಿಗೆ ಅತ್ಯಮೂಲ್ಯ ಚಿತ್ರಸಂಪತ್ತನ್ನು ಒದಗಿಸಿದೆ. ಕೈರೋ ನಗರದ ಪ್ರಾರ್ಥನಾಮಂದಿರವೊಂದರ ಗೆನೀಜಾದಲ್ಲಿ ಶತಮಾನಗಳ ಕಾಲ ಸೇರಿದ್ದ ಕಾಗದಗಳ ಬಹುಭಾಗವು 1897ರಲ್ಲಿ ಸಾಲೊಮನ್ ಶೆಕ್ಟರರ ಮೂಲಕ ಕೇಂಬ್ರಿಜ್ ವಿಶ್ವವಿದ್ಯಾನಿಲಯವನ್ನು ಸೇರಿತು. ಆ ತುಣುಕುಗಳ ಚಿತ್ರಗಳನ್ನು ಈಗ ಯಾರೂ ಅಂತರಜಾಲದಲ್ಲಿ ನೋಡಬಹುದು. ಹೀಬ್ರೂ ವರ್ಣಮಾಲೆ ಕಲಿಯುತ್ತಿದ್ದ ಮಧ್ಯಯುಗದ ಮಕ್ಕಳ ಹಾಳೆಗಳೂ, ಬಣ್ಣದ ಮೆನೋರಾ ಬರೆದ ಅಕ್ಷರಪುಸ್ತಕವೂ ಅಲ್ಲಿವೆ. ಗೆನೀಜಾದ ಕಾಗದಗಳಲ್ಲಿ ಕನ್ನಡನಾಡಿಗೂ ಪಾಲುಂಟು. 12ನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿದ್ದ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದ್ಯ ವರ್ತಕನ ಪತ್ರಗಳೂ, 1132ರಲ್ಲಿ ಅವನು ಅಲ್ಲಿಯೇ ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರವೂ ಆ ರಾಶಿಯಿಂದಲೇ ಹೊರಬಂದವು. ಇಲ್ಲಿ ತನ್ನವರ ಬಾಳನ್ನು ಗೆದ್ದವನೊಬ್ಬನು ಚಿತ್ರಿಸಿಲ್ಲ. ವರ್ತಕನ ಅವಸರದ ಕೈಬರಹವೂ, ಮಗುವಿನ ತಪ್ಪಕ್ಷರಗಳೂ ಇದ್ದಂತೆಯೇ ಕಾಣುತ್ತವೆ.